ಡ್ಯೂಟಿ ಚಾರ್ಟಿನಲ್ಲಷ್ಟೇ ಇರುವ ಎರಡನೆಯ ಸಿಸ್ಟರ್

ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ರಂದು. ಆಗ ಚರ್ಚೆಯೆಲ್ಲ ನಡೆದದ್ದು ದೇಶದ್ರೋಹದ ಕಲಮಿನ ಬಗ್ಗೆ, ಗುದ್ದಿ ಓಡಿಹೋಗುವ ಲಾರಿ ಚಾಲಕರ ಬಗ್ಗೆ. ಆಸ್ಪತ್ರೆಗಳಿಗೆ ಸಂಬಂಧಪಟ್ಟ 106(1)ನೇ ಕಲಮು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಹಳೆಯ 304ಎ ಪ್ರಕಾರ ಹೆಚ್ಚೆಂದರೆ ಎರಡು ವರ್ಷ ಸಜೆ. ಹೊಸ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿತು. ವೈದ್ಯರ ಸಂಘಟನೆ ಸರ್ಕಾರದ ಬಾಗಿಲು ತಟ್ಟಿತು. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಹೀಗಾದರೆ ಹಳೆಯ ಎರಡು ವರ್ಷವೇ ಇರಲಿ ಎಂದು ತೀರ್ಮಾನವಾಯಿತು. ನೋಂದಾಯಿತ ವೈದ್ಯರು ಅಂದರೆ ಯಾರು ಎಂಬ ವಿವರಣೆಯನ್ನೂ ಕಲಮಿನಲ್ಲೇ ಬರೆದರು: ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಒಪ್ಪುವ ಪದವಿ ಇದ್ದು, ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರು.

ನರ್ಸ್ ಹೆಸರು ಇರುವುದು ನರ್ಸಿಂಗ್ ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ. ಅಂದರೆ ಒಂದೇ ಓಟಿಯಲ್ಲಿ, ಒಂದೇ ಟೇಬಲ್ಲಿನ ಎರಡು ಬದಿಯಲ್ಲಿ ನಿಂತ ಇಬ್ಬರ ನಿರ್ಲಕ್ಷ್ಯದಿಂದ ಒಂದೇ ರೋಗಿ ಸತ್ತರೆ, ಡಾಕ್ಟರಿಗೆ ಗರಿಷ್ಠ ಎರಡು ವರ್ಷ, ಸಿಸ್ಟರಿಗೆ ಗರಿಷ್ಠ ಐದು ವರ್ಷ. ಅಪಘಾತದ ಗಾಯಾಳುವನ್ನು ಹೊತ್ತು ತಂದ 108 ಆಂಬುಲೆನ್ಸಿನ ತುರ್ತು ಚಿಕಿತ್ಸಾ ಸಿಬ್ಬಂದಿ, ಅಂದರೆ ಇಎಂಟಿಗೂ ಐದೇ. ಯಾರೋ ಕೂತು ಬೇಕೆಂದೇ ಹೀಗೆ ಬರೆದರು ಅನ್ನುವುದು ಕಷ್ಟ. ಕೇಳುವವರು ಇದ್ದ ಕಡೆ ರಿಯಾಯಿತಿ ಸಿಕ್ಕಿತು, ಉಳಿದವರ ನೆನಪು ಯಾರಿಗೂ ಆಗಲಿಲ್ಲ, ಅಷ್ಟೆ. ಇದಕ್ಕೂ ಮೊದಲು, 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಡಾಕ್ಟರುಗಳಿಗೆ ಒಂದು ರಕ್ಷಣೆ ಕೊಟ್ಟಿತ್ತು: ಸ್ವತಂತ್ರ ತಜ್ಞರ ಅಭಿಪ್ರಾಯ ಪಡೆಯದೆ ಮೊಕದ್ದಮೆ ಹೂಡಬಾರದು, ಸುಮ್ಮಸುಮ್ಮನೆ ಬಂಧಿಸಬಾರದು ಎಂದು. ಅದು ಮಾತಾಡಿದ್ದೂ ಡಾಕ್ಟರ ಬಗ್ಗೆಯೇ.

ನರ್ಸುಗಳಿಗೂ ಶಿಕ್ಷೆ ಇಳಿಸಿ ಎಂಬ ಬೇಡಿಕೆ ನ್ಯಾಯವಾದದ್ದೇ, ಅದನ್ನು ಅವರ ಸಂಘಗಳು ಕೇಳಲಿ. ನನಗೆ ಈ ಕಲಮು ಬೇರೊಂದು ಕಾರಣಕ್ಕೆ ಮುಖ್ಯ ಅನಿಸುತ್ತದೆ. ಆಸ್ಪತ್ರೆಯಲ್ಲಿ ಏನಾದರೂ ಎಡವಟ್ಟಾದಾಗ ನಮ್ಮ ಕಾನೂನು, ನಮ್ಮ ಟಿವಿ, ನಮ್ಮ ಸಿಟ್ಟು ಎಲ್ಲವೂ ಹುಡುಕುವುದು ರೋಗಿಯನ್ನು ಕೊನೆಗೆ ಮುಟ್ಟಿದ ಕೈಯನ್ನು. ಸೂಜಿ ಚುಚ್ಚಿದವರು ಯಾರು, ಬಾಟಲಿ ಏರಿಸಿದವರು ಯಾರು. ಆ ಕೈಯ ಪಕ್ಕದಲ್ಲಿ ಇರಬೇಕಾಗಿದ್ದ ಇನ್ನೊಂದು ಕೈ ಏಕೆ ಇರಲಿಲ್ಲ ಎಂದು ಕೇಳುವ ಕಲಮು ಯಾವ ಸಂಹಿತೆಯಲ್ಲೂ ಇಲ್ಲ.

ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನ ರಾತ್ರಿ ಪಾಳಿಯನ್ನು ಲೆಕ್ಕ ಹಾಕಿ ನೋಡೋಣ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಆರಾರು ಗಂಟೆ. ನೈಟ್ ಡ್ಯೂಟಿ ಸಾಮಾನ್ಯವಾಗಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ನಲವತ್ತು ಹಾಸಿಗೆ ಎಂದಿಟ್ಟುಕೊಳ್ಳಿ. ಚಾರ್ಟಿನ ಪ್ರಕಾರ ಇಬ್ಬರು ಸಿಸ್ಟರು. ಒಂಬತ್ತಕ್ಕೆ ಐಸಿಯುನಲ್ಲಿ ಒಬ್ಬರು ಕಡಿಮೆ ಎಂದು ಫೋನ್ ಬರುತ್ತದೆ, ಒಬ್ಬರು ಅಲ್ಲಿಗೆ ಹೋಗುತ್ತಾರೆ. ಉಳಿದವರು ಒಬ್ಬರು. ಹತ್ತು ಗಂಟೆಗೆ ಇಂಜೆಕ್ಷನ್. ಇಪ್ಪತ್ನಾಲ್ಕು ಜನಕ್ಕೆ ಆ್ಯಂಟಿಬಯಾಟಿಕ್ ಇದೆ ಎನ್ನಿ. ಸೆಫ್ಟ್ರಿಯಾಕ್ಸೋನ್ ಅಂದರೆ ಪುಡಿ ಇರುವ ಸಣ್ಣ ಸೀಸೆ. ಅದಕ್ಕೆ ನೀರು ಬೆರೆಸಬೇಕು, ಕರಗುವ ತನಕ ಅಲ್ಲಾಡಿಸಬೇಕು, ಕೇಸ್ ಶೀಟಿನಲ್ಲಿ ಹೆಸರು ನೋಡಬೇಕು, ರೋಗಿಯ ಬಾಯಲ್ಲೂ ಹೆಸರು ಹೇಳಿಸಬೇಕು, ಕೈಯ ಕ್ಯಾನುಲಾ ಚುಚ್ಚಿದ ಜಾಗ ಬಾತಿದೆಯೇ ಎಂದು ಒತ್ತಿ ನೋಡಬೇಕು, ಎರಡು ಮೂರು ನಿಮಿಷ ಹಿಡಿದು ನಿಧಾನವಾಗಿ ಬಿಡಬೇಕು. ಅದೇ ನಳಿಕೆಯಲ್ಲಿ ರಿಂಗರ್ಸ್ ಲ್ಯಾಕ್ಟೇಟ್ ಹೋಗುತ್ತಿದ್ದರೆ ನಿಲ್ಲಿಸಿ, ತೊಳೆದು, ಆಮೇಲೆ ಕೊಡಬೇಕು. ಅದರಲ್ಲಿರುವ ಕ್ಯಾಲ್ಸಿಯಂ ಈ ಔಷಧದ ಜೊತೆ ಸೇರಿ ಹೆಪ್ಪುಗಟ್ಟುತ್ತದೆ. ಕೊನೆಗೆ ಸಮಯ ಬರೆದು ಸಹಿ. ಕೈ ತೊಳೆದುಕೊಳ್ಳುವುದನ್ನು ಬಿಟ್ಟರೂ ಒಬ್ಬರಿಗೆ ಐದು ನಿಮಿಷ. ಇಪ್ಪತ್ನಾಲ್ಕು ಜನಕ್ಕೆ ಎರಡು ಗಂಟೆ. ಹತ್ತು ಗಂಟೆಯ ಔಷಧ ಕೊನೆಯ ಹಾಸಿಗೆ ತಲುಪುವಾಗ ಹನ್ನೆರಡು. ಮಧ್ಯೆ ಒಬ್ಬರ ಬಾಟಲಿ ಖಾಲಿಯಾಗಿರುತ್ತದೆ, ಒಬ್ಬರಿಗೆ ವಾಂತಿ, ಕ್ಯಾಶುವಾಲ್ಟಿಯಿಂದ ಹೊಸ ಅಡ್ಮಿಷನ್ ಸ್ಟ್ರೆಚರಿನಲ್ಲಿ ಬಾಗಿಲಿಗೆ ಬಂದು ನಿಂತಿರುತ್ತದೆ.

ಈಗ ಆ ಹೊಸ ರೋಗಿಗೆ ಪೊಟ್ಯಾಸಿಯಂ ಕಡಿಮೆ ಎಂದು ರಿಪೋರ್ಟ್ ಬಂತು ಅನ್ನಿ. ಪೊಟ್ಯಾಸಿಯಂ ಕ್ಲೋರೈಡ್ ಹತ್ತು ಎಂಎಲ್ ಆಂಪ್ಯೂಲಿನಲ್ಲಿ ಬರುವ, ನೀರಿನಂತೆ ತಿಳಿಯಾದ ದ್ರಾವಣ. ಸಲೈನಿನಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿಸಿದರೆ ಔಷಧ. ಹಾಗೇ ಸಿರಿಂಜಿಗೆ ಎಳೆದು ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಟ್ರೇಯಲ್ಲಿ ಅದರ ಪಕ್ಕದಲ್ಲೇ ಇರುವ ಡಿಸ್ಟಿಲ್ಡ್ ವಾಟರಿನ ಆಂಪ್ಯೂಲೂ ನೋಡಲು ಹೆಚ್ಚುಕಡಿಮೆ ಹೀಗೇ. ಜಗತ್ತಿನ ಎಲ್ಲ ಕಡೆ ಈ ಅದಲುಬದಲಿನಿಂದ ಜನ ಸತ್ತಿದ್ದಾರೆ. ಆದ್ದರಿಂದ ಒಳ್ಳೆಯ ಆಸ್ಪತ್ರೆಗಳಲ್ಲಿ ಒಂದು ನಿಯಮವಿದೆ: ಈ ಔಷಧವನ್ನು ಬೇರೆಯೇ ಬೀಗದಲ್ಲಿಡಬೇಕು, ಕೆಂಪು ಚೀಟಿ ಅಂಟಿಸಬೇಕು, ಕೊಡುವ ಮೊದಲು ಇಬ್ಬರು ಸಿಸ್ಟರು ನೋಡಿ ಇಬ್ಬರೂ ಸಹಿ ಹಾಕಬೇಕು.

ಇಬ್ಬರು ಬೇಕು. ವಾರ್ಡಿನಲ್ಲಿ ಇರುವುದೇ ಒಬ್ಬರು. ಬೆಳಿಗ್ಗೆ ರಿಜಿಸ್ಟರು ತೆರೆದರೆ ಎರಡು ಸಹಿ ಇರುತ್ತವೆ. ಎರಡನೆಯದು ಐಸಿಯುಗೆ ಹೋದವರು ಡ್ಯೂಟಿ ಮುಗಿಸಿ ಮನೆಗೆ ಹೊರಡುವ ಮೊದಲು ಬಂದು ಹಾಕಿದ್ದು. ಏನೂ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏನಾದರೂ ಆದರೆ ಇಬ್ಬರ ಮೇಲೂ ಕೇಸು. ಇಬ್ಬರೂ ನೋಡಿದ್ದೇವೆ ಎಂದು ಬರೆದುಕೊಟ್ಟಿದ್ದಾರಲ್ಲ!

ಹಾಗಾದರೆ ವಾರ್ಡಿಗೆ ಎಷ್ಟು ಜನ ಬೇಕು? ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಲೆಕ್ಕವಿದೆ. ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬರು, ಬೇರೆ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ರಜೆ, ಬಸಿರು-ಬಾಣಂತನ, ಕಾಯಿಲೆ ಎಂದು ಶೇ 30ರಷ್ಟು ಹೆಚ್ಚುವರಿ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಆಡಳಿತಗಳು ಇದನ್ನು ಓದುವ ರೀತಿ ಬೇರೆ. ಐದಕ್ಕೆ ಒಂದು ಅಂದರೆ ಆಸ್ಪತ್ರೆಯ ಒಟ್ಟು ಸಿಬ್ಬಂದಿ. ಅದನ್ನು ಮೂರು ಪಾಳಿಗೆ ಹಂಚಿದಾಗ ಒಬ್ಬರ ಪಾಲಿಗೆ ಹದಿನೈದು. ಮಂಜೂರಾದ ಹುದ್ದೆಯಲ್ಲಿ ಖಾಲಿ ಇರುವವನ್ನು ಕಳೆದು, ವಾರದ ರಜೆ ಕಳೆದು, ಕ್ಯಾಂಪಿಗೆ ಮತ್ತು ಡೆಪ್ಯುಟೇಷನ್ನಿಗೆ ಹೋದವರನ್ನು ಕಳೆದರೆ ಮೇಲೆ ಹೇಳಿದ ನಲವತ್ತಕ್ಕೆ ಒಬ್ಬರ ರಾತ್ರಿ ತಾನಾಗಿ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಕಾಯ್ದೆ ಮಾಡಿ 2004ರಿಂದ ಜಾರಿಗೆ ತಂದ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ, ಮತ್ತು ಆ ಐದು ಯಾವ ಹೊತ್ತಿನಲ್ಲೂ ಐದೇ; ಊಟಕ್ಕೆ ಎದ್ದುಹೋದರೂ ಬದಲಿಗೆ ಇನ್ನೊಬ್ಬರು ಬರಬೇಕು.

ಇದು ಸೌಕರ್ಯದ ಮಾತಲ್ಲ, ಜೀವದ ಮಾತು ಎನ್ನುವುದಕ್ಕೆ ಪುರಾವೆಯೂ ಇದೆ. ಪೆನ್ಸಿಲ್ವೇನಿಯಾದ ಲಿಂಡಾ ಐಕನ್ ಮತ್ತು ಸಂಗಡಿಗರು ಆ ರಾಜ್ಯದ 168 ಆಸ್ಪತ್ರೆಗಳ ದಾಖಲೆ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಈಗಲೂ ಎಲ್ಲರೂ ಎತ್ತಿಕೊಳ್ಳುವಂಥದ್ದು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಆಪರೇಷನ್ ಆದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಯುರೋಪಿನ ಒಂಬತ್ತು ದೇಶಗಳಲ್ಲಿ ಮತ್ತೆ ನೋಡಿದಾಗಲೂ, 2014ರಲ್ಲಿ, ಅದೇ ಏಳು ಸಿಕ್ಕಿತು. ಅಲ್ಲಿ ಅವರು ನಾಲ್ಕು, ಆರು, ಎಂಟು ಎಂದು ಎಣಿಸುತ್ತಿದ್ದರು. ನಲವತ್ತರ ಸಾಲು ಅವರ ಕೋಷ್ಟಕದಲ್ಲೇ ಇರಲಿಲ್ಲ.

ನರ್ಸಿನ ತಪ್ಪು ಕೋರ್ಟಿಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಒಂದು ಪ್ರಕರಣ ತೆಗೆದುಕೊಳ್ಳಬಹುದು. 2017ರ ಡಿಸೆಂಬರ್, ನ್ಯಾಶ್‌ವಿಲ್ಲಿನ ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆ. ಸ್ಕ್ಯಾನಿಗೆ ಹೊರಟಿದ್ದ ವೃದ್ಧೆಗೆ ಗಾಬರಿಯಾಗದಿರಲೆಂದು ವರ್ಸೆಡ್ ಕೊಡಬೇಕಿತ್ತು. ಅಲ್ಲಿ ಔಷಧಗಳು ಕಂಪ್ಯೂಟರ್ ಇರುವ ಬೀರುವಿನಲ್ಲಿರುತ್ತವೆ, ಹೆಸರಿನ ಮೊದಲ ಅಕ್ಷರ ಒತ್ತಿದರೆ ಖಾನೆ ತೆರೆಯುತ್ತದೆ. ರಡೋಂಡಾ ವಾಟ್ ಎಂಬ ನರ್ಸ್ ಮೊದಲ ಎರಡು ಅಕ್ಷರ ಒತ್ತಿದಾಗ ವರ್ಸೆಡ್ ಬರಲಿಲ್ಲ. ಆ ದಿನಗಳಲ್ಲಿ ಹೊಸ ವ್ಯವಸ್ಥೆಗೆ ಬದಲಾಗುತ್ತಿದ್ದ ಆಸ್ಪತ್ರೆಯಲ್ಲಿ ಬೀರುವಿನ ತಡೆಯನ್ನು ದಾಟಿ ಔಷಧ ತೆಗೆಯುವುದು ರೂಢಿಯಾಗಿತ್ತು ಎಂದು ಆಕೆಯ ವಕೀಲರು ವಾದಿಸಿದರು. ಆಕೆಯೂ ದಾಟಿದಳು. ಕೈಗೆ ಬಂದದ್ದು ವೆಕ್ಯುರೋನಿಯಂ, ಉಸಿರಾಟದ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಔಷಧ. ವರ್ಸೆಡ್ ದ್ರವ, ಇದು ಪುಡಿ. ಮುಚ್ಚಳದ ಮೇಲೇ ಎಚ್ಚರಿಕೆ ಇತ್ತು. ನೋಡಲಿಲ್ಲ. ಕೊಟ್ಟಮೇಲೆ ನಿಂತು ಗಮನಿಸಲೂ ಇಲ್ಲ. ವೃದ್ಧೆ ತೀರಿಕೊಂಡಳು. ಆಕೆ ಮಾಡಿದ್ದು ಸಣ್ಣ ತಪ್ಪು ಎಂದು ನಾನು ಹೇಳಲಾರೆ. ಆದರೆ ತಪ್ಪು ಗೊತ್ತಾದ ತಕ್ಷಣ ಒಪ್ಪಿ ಹೇಳಿದವಳೂ ಆಕೆಯೇ. ಔಷಧ ಅದಲುಬದಲಾದ ಸಂಗತಿಯನ್ನು ಆಸ್ಪತ್ರೆ ಮರಣ ತನಿಖಾಧಿಕಾರಿಗೆ ತಿಳಿಸಲಿಲ್ಲ, ಮನೆಯವರ ಜೊತೆ ರಾಜಿ ಮಾಡಿಕೊಂಡಿತು. ಮರುವರ್ಷ ಯಾರೋ ಹೆಸರು ಹೇಳದೆ ದೂರು ಕೊಟ್ಟಮೇಲೆ ವಿಷಯ ಹೊರಬಂತು. 2022ರ ಮಾರ್ಚಿನಲ್ಲಿ ಆಕೆ ಅಪರಾಧಿ ಎಂದು ತೀರ್ಪಾಯಿತು. ಮೇ ತಿಂಗಳಲ್ಲಿ ಜೈಲಿಲ್ಲದೆ ಮೂರು ವರ್ಷದ ನಿಗಾ ಶಿಕ್ಷೆ. ಲೈಸೆನ್ಸ್ ಅದಕ್ಕೂ ಮೊದಲೇ ಹೋಗಿತ್ತು. ಆಸ್ಪತ್ರೆಯ ಮೇಲೆ ಕ್ರಿಮಿನಲ್ ಕೇಸು ಇರಲಿಲ್ಲ.

ಆ ತೀರ್ಪಿನ ಬಳಿಕ ಅಮೆರಿಕದ ನರ್ಸುಗಳು ಕೇಳಿದ್ದು ಒಂದೇ: ಇನ್ನು ತಪ್ಪಾದರೆ ಒಪ್ಪಿಕೊಳ್ಳುವವರು ಯಾರು? ನಮ್ಮ ಕಡೆ ಈ ಪ್ರಶ್ನೆ ಕೇಳಬೇಕಾದ ಅಗತ್ಯವೂ ಬಿದ್ದಿಲ್ಲ. ಇಲ್ಲಿ ತಪ್ಪು ಬಾಯಿಬಿಟ್ಟರೆ ಮೊದಲು ಬರುವುದು ಮೆಮೊ, ಆಮೇಲೆ ಸಂಬಂಧಿಕರ ಕೈ. ಹಾಗಾಗಿ ವಾರ್ಡುಗಳಲ್ಲಿ ಆಗುವ ಸಣ್ಣಪುಟ್ಟ ಔಷಧ ತಪ್ಪುಗಳು ಸಿಸ್ಟರ್ ರೂಮಿನ ಪಿಸುಮಾತಿನಲ್ಲೇ ಮುಗಿದುಹೋಗುತ್ತವೆ, ಮುಂದಿನವರು ಅದೇ ತಪ್ಪನ್ನು ಮತ್ತೆ ಮಾಡಿ ಕಲಿಯುತ್ತಾರೆ.

ರಾತ್ರಿ ಫೋನಿನ ಮೇಲೆ ಬರುವ ಆರ್ಡರಿನ ಕಥೆಯೂ ಹೀಗೇ. ಎರಡು ಗಂಟೆಗೆ ರೋಗಿಯ ಬಿಪಿ ಇಳಿಯುತ್ತದೆ. ಡ್ಯೂಟಿ ಡಾಕ್ಟರು ಇನ್ನೆಲ್ಲೋ ಇನ್ನೊಂದು ಎಮರ್ಜೆನ್ಸಿಯಲ್ಲಿರುತ್ತಾರೆ, ಫೋನಿನಲ್ಲೇ ಔಷಧ ಹೇಳುತ್ತಾರೆ. ಸಿಸ್ಟರು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಹೌದೆನಿಸಿಕೊಂಡು ಕೊಡಬೇಕು. ಬೆಳಿಗ್ಗೆ ಡಾಕ್ಟರಿಂದ ಸಹಿ ಹಾಕಿಸಿಕೊಳ್ಳಬೇಕು. ಸಹಿ ಬೀಳದೆ ಉಳಿದರೆ ಕೇಸ್ ಶೀಟಿನಲ್ಲಿರುವುದು ಸಿಸ್ಟರ ಕೈಬರಹ ಮಾತ್ರ. ಯಾರು ಹೇಳಿದ್ದು ಎಂಬುದಕ್ಕೆ ಸಾಕ್ಷಿ ಮೊಬೈಲಿನ ಕಾಲ್ ಲಿಸ್ಟ್, ಅದೂ ಇದ್ದರೆ.

ಶಿರ್ವದ ಸೊಸೆಯೊಬ್ಬಳ ಹೆಸರು 2012ರಲ್ಲಿ ಜಗತ್ತಿಗೆಲ್ಲ ಗೊತ್ತಾದದ್ದು ಇಂಥದ್ದೇ ಒಂದು ಫೋನಿನಿಂದ. ಜಸಿಂತಾ ಸಲ್ಡಾನಾ. ಮಂಗಳೂರಿನಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ನರ್ಸ್. ಗಂಡ, ಇಬ್ಬರು ಮಕ್ಕಳು ಬ್ರಿಸ್ಟಲ್‌ನಲ್ಲಿ, ಕೆಲಸ ಲಂಡನ್ನಿನ ಏಳನೇ ಎಡ್ವರ್ಡ್ ಆಸ್ಪತ್ರೆಯಲ್ಲಿ, ಡ್ಯೂಟಿ ಇದ್ದ ದಿನಗಳಲ್ಲಿ ವಾಸ ನರ್ಸುಗಳ ಕ್ವಾರ್ಟರ್ಸಿನಲ್ಲಿ. ಬ್ರಿಟನ್ನಿನ ರಾಜಕುವರನ ಬಸುರಿ ಹೆಂಡತಿ ಕೇಟ್ ವಾಂತಿ ಹೆಚ್ಚಾಗಿ ಅಲ್ಲಿ ದಾಖಲಾಗಿದ್ದಳು. ಡಿಸೆಂಬರ್ 4ರ ಬೆಳಗಿನ ಜಾವ ಐದೂವರೆ ಸುಮಾರಿಗೆ ಫೋನು ಬಡಿಯಿತು. ಅಷ್ಟು ಹೊತ್ತಿನಲ್ಲಿ ಸ್ವಾಗತದ ಮೇಜಿನಲ್ಲಿ ಯಾರೂ ಇರಲಿಲ್ಲ, ಜಸಿಂತಾ ಎತ್ತಿಕೊಂಡಳು. ಆಚೆ ಕಡೆ ರಾಣಿಯಂತೆ ಮಾತಾಡಿದ್ದು ಸಿಡ್ನಿಯ ರೇಡಿಯೊ ನಿರೂಪಕಿ. ಜಸಿಂತಾ ಕರೆಯನ್ನು ವಾರ್ಡಿಗೆ ದಾಟಿಸಿದಳು, ಅಷ್ಟೆ. ರೋಗಿಯ ವಿವರ ಹೇಳಿದ್ದು ವಾರ್ಡಿನಲ್ಲಿದ್ದ ಇನ್ನೊಬ್ಬ ನರ್ಸ್. ರೇಡಿಯೊದವರು ನಗುತ್ತ ಅದನ್ನು ಪ್ರಸಾರ ಮಾಡಿದರು, ಲೋಕವೆಲ್ಲ ನಕ್ಕಿತು. ಮೂರು ದಿನದ ಮೇಲೆ ಜಸಿಂತಾ ಕ್ವಾರ್ಟರ್ಸಿನಲ್ಲಿ ಪ್ರಾಣ ಕಳೆದುಕೊಂಡಿದ್ದಳು. ಆಕೆಗೆ ಬೆಂಬಲ ಕೊಟ್ಟಿದ್ದೆವು, ಶಿಸ್ತುಕ್ರಮ ಏನೂ ಇರಲಿಲ್ಲ ಎಂದು ಆಸ್ಪತ್ರೆ ಹೇಳಿತು. ಒಂದು ಸಾವಿಗೆ ಒಂದೇ ಕಾರಣ ಅಂಟಿಸುವುದು ಸರಿಯಲ್ಲ, ನಾನೂ ಅಂಟಿಸುವುದಿಲ್ಲ. ಆದರೆ ರಾಜಮನೆತನದವರು ದಾಖಲಾಗುವ ಆಸ್ಪತ್ರೆಯಲ್ಲೂ ಬೆಳಗಿನ ಜಾವದ ಫೋನು ಎತ್ತುವ ಕೆಲಸ ನರ್ಸಿನ ಪಾಲಿಗೆ ಬರುತ್ತಿತ್ತು ಎನ್ನುವುದನ್ನು ಆಗ ಚರ್ಚಿಸಿದವರು ಕಡಿಮೆ. ರೋಗಿಯ ಗುಟ್ಟು ಕಾಯುವ ಹೊಣೆ ನರ್ಸಿನದ್ದು, ಸಂದೇಹವಿಲ್ಲ. ಆ ಹೊಣೆಯ ಬಾಗಿಲಲ್ಲಿ ಕಾವಲಿಗೆ ಯಾರನ್ನು ಕೂರಿಸಬೇಕೆಂದು ತೀರ್ಮಾನಿಸುವವರು ನರ್ಸುಗಳಲ್ಲ. ಡಿಸೆಂಬರ್ 17ರಂದು ಆಕೆಯ ಅಂತ್ಯಕ್ರಿಯೆ ಶಿರ್ವದಲ್ಲೇ ನಡೆಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಈ ಬರಹ ಸಂಘದ ಕರಪತ್ರವಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬೈಸಿಕೊಳ್ಳದೆ ಹೆತ್ತು ಬಂದ ಬಡವರ ಮನೆಯ ಹೆಂಗಸರು ನಮ್ಮಲ್ಲಿ ಎಷ್ಟು ಜನ? ನೋವಿನಲ್ಲಿ ಕೂಗಿದ್ದಕ್ಕೆ ತೊಡೆಗೆ ಪೆಟ್ಟು, ಮಗು ತೋರಿಸುವುದಕ್ಕೆ ಕೈಗೆ ಇಷ್ಟು ದುಡ್ಡು, ಗಂಡಾದರೆ ಇನ್ನಷ್ಟು. ಹೆರಿಗೆಯಲ್ಲಿ ಮರ್ಯಾದೆಯಿಂದ ನೋಡಿಕೊಳ್ಳಬೇಕು ಎಂದು ಹೇಳುವುದಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮವನ್ನೇ ತರಬೇಕಾಯಿತು. ಕೆಲಸದ ಹೊರೆಗೂ ಬಾಯಿಯ ಬೈಗುಳಕ್ಕೂ ನಂಟು ಇರಬಹುದು, ದುಡ್ಡು ಕೇಳುವುದಕ್ಕೆ ಇಲ್ಲ. ಹಾಗೆಯೇ ಬೆಳಗಿನ ಆರು ಗಂಟೆಯ ಚಾರ್ಟ್. ಇಡೀ ವಾರ್ಡಿಗೆ ಜ್ವರ 98.4, ನಾಡಿ 80, ಉಸಿರು 20. ಯಾರ ಕೈಯನ್ನೂ ಮುಟ್ಟದೆ ಮೇಜಿನಲ್ಲಿ ಕೂತು ತುಂಬಿಸಿದ್ದು. ನಲವತ್ತು ಜನರ ನಾಡಿ ಒಬ್ಬರು ನೋಡಲು ಆಗುವುದಿಲ್ಲ, ಒಪ್ಪಿದೆ. ಆಗಲಿಲ್ಲ ಎಂದರೆ ಆ ಖಾನೆ ಖಾಲಿ ಇರಬೇಕು. ಖಾಲಿ ಖಾನೆ ಡಾಕ್ಟರಿಗೂ ಸೂಪರಿಂಟೆಂಡೆಂಟರಿಗೂ ಒಂದು ಸುದ್ದಿ ಮುಟ್ಟಿಸುತ್ತದೆ: ಇಲ್ಲಿ ಜನ ಸಾಲದು ಎಂದು. ಸುಳ್ಳು 80 ಆ ಸುದ್ದಿಯನ್ನು ಅಲ್ಲೇ ಮುಚ್ಚಿಹಾಕುತ್ತದೆ. ವೃತ್ತಿಯ ಹೊಣೆಗಾರಿಕೆ ಎಂದು ಮೇ 12ರ ಭಾಷಣಗಳಲ್ಲಿ ಕೇಳುವುದೆಲ್ಲ ತ್ಯಾಗ, ಸೇವೆ, ಮುಗುಳ್ನಗೆ. ನನ್ನ ಮಟ್ಟಿಗೆ ಆ ಖಾನೆಯನ್ನು ಖಾಲಿ ಬಿಡುವ ಧೈರ್ಯ ಅವೆಲ್ಲಕ್ಕಿಂತ ದೊಡ್ಡದು. ಅದಕ್ಕೆ ಬರುವ ಮೆಮೊ ಎದುರಿಸಲು ಹಿಂದೆ ಒಂದು ಗಟ್ಟಿ ಸಂಘ ಬೇಕು ಅನ್ನುವುದೂ ನಿಜ.

ಮೇ 12ರ ಮಾತು ಬಂತು. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಆಕೆ ಕೆಲಸ ಮಾಡಿದ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ 1855ರ ಫೆಬ್ರವರಿಯಲ್ಲಿ ನೂರಕ್ಕೆ ನಲವತ್ತೆರಡು ಜನ ಸಾಯುತ್ತಿದ್ದರು. ಜೂನ್ ಹೊತ್ತಿಗೆ ಅದು ನೂರಕ್ಕೆ ಎರಡಕ್ಕೆ ಇಳಿಯಿತು. ದೀಪ ಫೆಬ್ರವರಿಯಲ್ಲೂ ಉರಿಯುತ್ತಿತ್ತು. ನಡುವೆ ಬದಲಾದದ್ದು ಕಟ್ಟಡದ ಅಡಿಯ ಚರಂಡಿ. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗ ಅದನ್ನು ತೊಳೆಸಿತು, ಗಾಳಿ ಆಡುವಂತೆ ಮಾಡಿತು. ಮುಂದೆ ಬದುಕಿಡೀ ನೈಟಿಂಗೇಲ್ ಅಂಕಿಸಂಖ್ಯೆಗಳನ್ನು ಹಿಡಿದು ಮಂತ್ರಿಗಳ ಬೆನ್ನುಹತ್ತಿದ್ದು ಈ ಚರಂಡಿಯ ವಿಷಯಕ್ಕೆ. ನಾವು ದೀಪವನ್ನು ಇಟ್ಟುಕೊಂಡೆವು.

ಆಂಬುಲೆನ್ಸಿನ ಕಡೆ ಬರೋಣ. ಕರ್ನಾಟಕದಲ್ಲಿ 108 ಶುರುವಾದದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚ ಎಂಬ ಹೆಸರಿನಲ್ಲಿ, ಹೈದರಾಬಾದಿನಲ್ಲಿ 2005ರಲ್ಲಿ ಹುಟ್ಟಿದ ಇಎಂಆರ್‌ಐ ಸಂಸ್ಥೆಯ ಜೊತೆಗೂಡಿ. ವಾಹನಕ್ಕೆ ಇಬ್ಬರು: ಓಡಿಸುವವರು ಪೈಲಟ್, ಹಿಂದೆ ಇರುವವರು ಇಎಂಟಿ. ಪಾಳಿ ಹನ್ನೆರಡು ಗಂಟೆಯದ್ದು. ಸಂಬಳ ಬಾಕಿ ಎಂದು ಈ ಸಿಬ್ಬಂದಿ ಮುಷ್ಕರದ ನೋಟಿಸು ಕೊಟ್ಟ ಸುದ್ದಿ ಕನ್ನಡ ಪತ್ರಿಕೆ ಓದುವವರಿಗೆ ಹೊಸದಲ್ಲ. ಸರ್ಕಾರ ಕಂಪನಿಯ ಕಡೆ, ಕಂಪನಿ ಸರ್ಕಾರದ ಕಡೆ ಕೈ ತೋರಿಸುವುದೂ ಹೊಸದಲ್ಲ.

ತೀರ್ಥಹಳ್ಳಿ ಕಡೆಯಿಂದ ಎದೆನೋವಿನ ರೋಗಿಯನ್ನು ಹಾಕಿಕೊಂಡು ಮಣಿಪಾಲಕ್ಕೆ ಹೊರಟ ವಾಹನವನ್ನು ಕಲ್ಪಿಸಿಕೊಳ್ಳಿ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವು. ಮೂರನೆಯ ತಿರುವಿನಲ್ಲಿ ರೋಗಿಯ ಎದೆಬಡಿತ ನಿಂತರೆ ಇಎಂಟಿ ಸಿಪಿಆರ್ ಶುರು ಮಾಡಬೇಕು. ಮೂವತ್ತು ಸಲ ಎದೆ ಒತ್ತುವುದು, ಎರಡು ಸಲ ಉಸಿರು ಕೊಡುವುದು. ಒತ್ತುವ ವೇಗ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು, ಆಳ ಎರಡು ಅಂಗುಲ. ಎಂಥ ಗಟ್ಟಿಗರೇ ಆಗಲಿ, ಎರಡು ನಿಮಿಷದ ಮೇಲೆ ಒತ್ತಡ ಸಡಿಲವಾಗುತ್ತದೆ, ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎನ್ನುತ್ತದೆ ಎಲ್ಲ ಕಡೆಯ ಪಾಠ. ಬದಲಾಗಲು ಇನ್ನೊಬ್ಬರು ಬೇಕಲ್ಲ. ಹಿಂದೆ ಇರುವುದು ಇಎಂಟಿ, ರೋಗಿ, ಮತ್ತು ಬಾಯಿಗೆ ಸೆರಗು ಒತ್ತಿಕೊಂಡು ಕೂತ ರೋಗಿಯ ಹೆಂಡತಿ. ಪ್ರತಿ ತಿರುವಿಗೂ ಇಎಂಟಿ ಒಂದು ಕೈಯಿಂದ ಮೇಲಿನ ಕಂಬಿ ಹಿಡಿಯಬೇಕು, ಇಲ್ಲವಾದರೆ ರೋಗಿಯ ಮೇಲೇ ಬೀಳುತ್ತಾರೆ. ಸೋಮೇಶ್ವರ ದಾಟಿ ಮಣಿಪಾಲ ತಲುಪಿದಾಗ ಡಾಕ್ಟರು ಸತ್ತಿದ್ದಾರೆ ಎನ್ನುತ್ತಾರೆ. ಹೊರಗೆ ಬೈಕಿನಲ್ಲಿ ಹಿಂಬಾಲಿಸಿ ಬಂದ ಹುಡುಗರು ಇಎಂಟಿಯ ಕಾಲರ್ ಹಿಡಿಯುತ್ತಾರೆ. ಅವರ ಮೇಲೆ ಕೇಸು ಹಾಕಲು ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ 2009ರ ರಾಜ್ಯ ಕಾಯ್ದೆ ಇದೆ. ಕೇಸು ಹಾಕಿ ಕೋರ್ಟಿಗೆ ಅಲೆಯಲು ಹನ್ನೆರಡು ಗಂಟೆಯ ಪಾಳಿಯಲ್ಲಿ ಬಿಡುವು ಎಲ್ಲಿದೆ?

ಈ ವರ್ಗದವರಿಗೆ ತೀರ ಇತ್ತೀಚಿನ ತನಕ ರಿಜಿಸ್ಟರೇ ಇರಲಿಲ್ಲ. ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಕಲಿತವರೂ ಕಲಿಯದವರೂ ಒಂದೇ ಸಮವಸ್ತ್ರದಲ್ಲಿ ಓಡಾಡಬಹುದಿತ್ತು. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಪರರ ಕಾಯ್ದೆ ಬಂತು, ಪ್ಯಾರಾಮೆಡಿಕ್ ಅದರ ಪಟ್ಟಿಯಲ್ಲಿದೆ. ರಾಜ್ಯಗಳು ಕೌನ್ಸಿಲ್ ರಚಿಸುವುದನ್ನು ಮುಂದೂಡುತ್ತ ಹೋದಾಗ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಗದರಬೇಕಾಯಿತು. ನರ್ಸುಗಳಿಗೆ 1947ರ ಕಾಯ್ದೆಯ ಬದಲು 2023ರಲ್ಲಿ ಹೊಸ ಆಯೋಗದ ಕಾಯ್ದೆ ಸಿಕ್ಕಿದೆ. ಎರಡೂ ಕಾಯ್ದೆಗಳು ಓದು, ನೋಂದಣಿ, ನಡತೆ ಇವುಗಳ ಬಗ್ಗೆ ಸವಿಸ್ತಾರವಾಗಿ ಮಾತಾಡುತ್ತವೆ. ಒಂದು ಪಾಳಿಯಲ್ಲಿ ಎಷ್ಟು ಜನ ಇರಬೇಕು ಎಂಬುದು ಅವುಗಳ ಕೆಲಸವಲ್ಲ. ಅದು ಯಾರ ಕೆಲಸ ಎಂದು ಕೇಳಿದರೆ ಆಸ್ಪತ್ರೆಯದ್ದು, ಇಲಾಖೆಯದ್ದು, ಹಣಕಾಸು ಇಲಾಖೆಯದ್ದು ಎಂದು ಕಡತ ಸುತ್ತುತ್ತದೆ. ಸಂಬಳದ ಪಾಡೂ ಅದೇ. ನರ್ಸುಗಳ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಸೂಚಿಸಿದ್ದರಿಂದ ಕೇಂದ್ರ ಒಂದು ಸಮಿತಿ ಮಾಡಿತು. ಇನ್ನೂರು ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸಿನ ಸಮ ಸಂಬಳ ಕೊಡಬೇಕು, ಐವತ್ತಕ್ಕಿಂತ ಕಡಿಮೆ ಹಾಸಿಗೆಯವರೂ 20,000 ರೂಪಾಯಿಗೆ ಇಳಿಯಬಾರದು ಎಂದು ಸಮಿತಿ ಹೇಳಿತು. ಕೇರಳದಲ್ಲಿ ನರ್ಸುಗಳು 2017ರಲ್ಲಿ ಬೀದಿಗಿಳಿದು, ಮರುವರ್ಷ ಆ 20,000ವನ್ನು ಸರ್ಕಾರಿ ಆದೇಶವಾಗಿ ಬರೆಸಿಕೊಂಡರು. ಬೀದಿಬೀದಿಗೆ ನರ್ಸಿಂಗ್ ಕಾಲೇಜು ಇರುವ, ಕೇರಳದ ಮಕ್ಕಳೇ ಬಂದು ಕಲಿತು ಹೋಗುವ ಕರ್ನಾಟಕದಲ್ಲಿ ಅಂಥ ಚಳವಳಿ ಕಟ್ಟಿಕೊಳ್ಳಲೇ ಇಲ್ಲ.

ಮುಷ್ಕರ ಅಂದ ಕೂಡಲೇ ರೋಗಿಗಳನ್ನು ನಡುನೀರಿನಲ್ಲಿ ಕೈಬಿಟ್ಟರು ಎಂಬ ಮಾತು ಬರುತ್ತದೆ. ಇದಕ್ಕೆ ಹಳದೀಪುರದ ಅರುಣಾ ಶಾನಭಾಗರ ಪ್ರಕರಣದಷ್ಟು ನೇರವಾದ ಉತ್ತರ ಇನ್ನೊಂದಿಲ್ಲ. ಹೊನ್ನಾವರದ ಪಕ್ಕದ ಊರಿನಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಒಬ್ಬರೇ ಬಟ್ಟೆ ಬದಲಿಸುತ್ತಿದ್ದಾಗ ವಾರ್ಡಿನ ಕಸಗುಡಿಸುವವನೊಬ್ಬ ಅವರ ಮೇಲೆ ಬಿದ್ದ. ನಾಯಿಯ ಸರಪಣಿಯಿಂದ ಕುತ್ತಿಗೆ ಬಿಗಿದ. ಮಿದುಳಿಗೆ ರಕ್ತ ನಿಂತಿತು, ಮತ್ತೆ ಅವರು ಮೊದಲಿನಂತಾಗಲಿಲ್ಲ. ಮುಂಬೈನ ನರ್ಸುಗಳು ಕೆಲಸ ನಿಲ್ಲಿಸಿದರು: ಅರುಣಾಗೆ ಒಳ್ಳೆಯ ಆರೈಕೆ ಬೇಕು, ನಮಗೆ ಸುರಕ್ಷಿತವಾದ ಕೆಲಸದ ಜಾಗ ಬೇಕು ಎಂದು. ಎಂಬತ್ತರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲು ಪಾಲಿಕೆ ಅವರನ್ನು ಬೇರೆಡೆಗೆ ಸಾಗಿಸಲು ಹೊರಟಾಗ ಇದೇ ನರ್ಸುಗಳು ಮತ್ತೆ ತಿರುಗಿಬಿದ್ದರು, ಪಾಲಿಕೆ ಹಿಂಜರಿಯಿತು. ವಾರ್ಡ್ ನಂಬರ್ 4ರ ಆ ಹಾಸಿಗೆಯಲ್ಲಿ ನಲವತ್ತೊಂದು ವರ್ಷಕ್ಕೂ ಮೀರಿ ಅರುಣಾ ಇದ್ದರು. ಬ್ಯಾಚಿನಿಂದ ಬ್ಯಾಚಿಗೆ ನರ್ಸುಗಳು ಅವರಿಗೆ ಉಣಿಸಿದರು, ಮಗ್ಗುಲು ಬದಲಿಸಿದರು. ಅಷ್ಟು ವರ್ಷ ಮಲಗಿದ ಮೈಗೆ ಹಾಸಿಗೆ ಹುಣ್ಣು ಆಗಲಿಲ್ಲ. ನರ್ಸಿಂಗ್ ಗೊತ್ತಿದ್ದವರಿಗೆ ಈ ಒಂದು ಮಾತು ಸಾಕು. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಕೆಲವೇ ದಿನಗಳಲ್ಲಿ ಚರ್ಮ ಒಡೆಯುತ್ತದೆ. ದಯಾಮರಣದ ಅರ್ಜಿಯ ತೀರ್ಪು ಕೊಟ್ಟ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಮಾತಾಡುವ ಹಕ್ಕು ಅರ್ಜಿ ಹಾಕಿದ ಲೇಖಕಿಗಿಂತ ಕೆಇಎಂ ಸಿಬ್ಬಂದಿಗೇ ಹೆಚ್ಚು ಎಂದಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅವರು ತೀರಿಕೊಂಡರು. ಮುಷ್ಕರ ಹೂಡಿದವರೂ ಆರೈಕೆ ಮಾಡಿದವರೂ ಒಂದೇ ಜನ.

ಒಂಬತ್ತು ವರ್ಷದ ಮೇಲೆ, ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಕೊಲೆಯಾದಾಗ, ಸುಪ್ರೀಂ ಕೋರ್ಟ್ ತನ್ನ ಆದೇಶದಲ್ಲಿ ಅರುಣಾ ಹೆಸರನ್ನು ಮತ್ತೆ ಎತ್ತಿತು. ಆ ವೈದ್ಯೆ ಸುದೀರ್ಘ ಪಾಳಿಯ ನಡುವೆ ಮಲಗಲು ಬೇರೆ ಜಾಗವಿಲ್ಲದೆ ಸೆಮಿನಾರ್ ಹಾಲಿಗೆ ಹೋಗಿದ್ದರು. ಐವತ್ತು ವರ್ಷ ಕಳೆದರೂ ಡ್ಯೂಟಿಯವರಿಗೆ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ಕೊಡಲು ನಮ್ಮ ಆಸ್ಪತ್ರೆಗಳಿಗೆ ಆಗಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಐವರು ತೀರಿಕೊಂಡಾಗ ಕೊನೆಯ ಕೈಯನ್ನು ದಾಟಿ ನೋಡಿದ್ದರಿಂದ ಏನು ಸಿಗುತ್ತದೆ ಎಂಬುದು ತಿಳಿಯಿತು. ಬಾಟಲಿ ಏರಿಸಿದ ಸಿಸ್ಟರನ್ನು ಅಮಾನತು ಮಾಡಿ ಕಡತ ಮುಚ್ಚುವುದು ಸುಲಭವಿತ್ತು. ಸರ್ಕಾರದ ಅನುಮಾನ ಬಾಟಲಿಯೊಳಗಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆಯೇ ಬಿತ್ತು. ಅದನ್ನು ತಯಾರಿಸಿದ ಕಂಪನಿ, ಖರೀದಿಯ ದಾರಿ, ಪರೀಕ್ಷೆಯ ವರದಿಗಳು ಚರ್ಚೆಗೆ ಬಂದವು, ಔಷಧ ನಿಯಂತ್ರಕರ ಅಮಾನತಾಯಿತು. ಬಾಟಲಿಯ ವಿಷಯದಲ್ಲಿ ಆದದ್ದು ಡ್ಯೂಟಿ ಚಾರ್ಟಿನ ವಿಷಯದಲ್ಲೂ ಆಗಬಹುದು. ಆಸ್ಪತ್ರೆಯ ಸಾವಿನ ತನಿಖೆಗೆ ಬಂದ ಇನ್ಸ್‌ಪೆಕ್ಟರು ಕೇಸ್ ಶೀಟನ್ನು ಜಪ್ತಿ ಮಾಡುತ್ತಾರೆ. ಅದರ ಜೊತೆಗೆ ಆ ಪಾಳಿಯ ಡ್ಯೂಟಿ ಚಾರ್ಟನ್ನೂ, ಆ ಹೊತ್ತಿನ ರೋಗಿಗಳ ಲೆಕ್ಕವನ್ನೂ ಜಪ್ತಿ ಮಾಡಿದರೆ ಕೋರ್ಟಿನ ಮುಂದೆ ಬರುವ ಚಿತ್ರವೇ ಬೇರೆ.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ಜನ ಕಡಿಮೆ ಮಾಡಿ ದುಡ್ಡು ಉಳಿಸಿದ್ದರಿಂದ ರೋಗಿಗಳು ನೀರಿಗೂ ಪರದಾಡಿದ ಹಗರಣದ ವರದಿ 2013ರಲ್ಲಿ ಬಂತು. ಮರುವರ್ಷದಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಪ್ರತಿ ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡು: ಈ ಪಾಳಿಗೆ ಎಷ್ಟು ನರ್ಸುಗಳು ಇರಬೇಕು, ಎಷ್ಟು ಜನ ಇದ್ದಾರೆ. ರೋಗಿಯನ್ನು ನೋಡಲು ಬಂದ ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಹೇಳುತ್ತದೆ. ಅದರ ಪಕ್ಕದ ಗೋಡೆಯಲ್ಲಿ ಈ ಎರಡು ಅಂಕಿಗೆ ಜಾಗವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಕಿಸಲು ಕಾಯ್ದೆಯೂ ಬೇಡ, ಆರೋಗ್ಯ ಇಲಾಖೆಯ ಆಯುಕ್ತರ ಒಂದು ಸುತ್ತೋಲೆ ಸಾಕು.